ತಟ್ಟಿ ಎಬ್ಬಿಸುವ ಜಾಗ

ಅಂಗಡಿಯ ಬಾಗಿಲು ತೆಗೆದ ಮೇಲೆ ಬೂಟಿನ ಮೇಸ್ತ್ರಿ ಮೊದಲು ಮಾಡುವ ಕೆಲಸ ಕಂಪ್ಯೂಟರನ್ನು ಎಬ್ಬಿಸುವುದು. ಅದರ ತಗಡಿನ ಮುಚ್ಚಳಕ್ಕೆ ಸ್ಕ್ರೂ ಹಾಕುವುದನ್ನು ಅವರು ಬಿಟ್ಟು ಬಹಳ ಕಾಲವಾಗಿದೆ. ಮುಚ್ಚಳ ಎತ್ತಿ, ಸ್ವಿಚ್ ಒತ್ತಿ, ಒಳಗಿರುವ ಹಾರ್ಡ್ ಡಿಸ್ಕಿನ ಬೆನ್ನಿಗೆ ಸುತ್ತಿಗೆಯ ಮರದ ಹಿಡಿಯಿಂದ ಒಮ್ಮೆ ತಟ್ಟುತ್ತಾರೆ. ಅಂಟಿಕೊಂಡಿದ್ದ ಡಿಸ್ಕು ಬಿಡಿಸಿಕೊಂಡು ಗುಂಯ್ ಎಂದು ತಿರುಗತೊಡಗುತ್ತದೆ. ಆ ದಿನವೂ ತಿರುಗಿತು. ಪರದೆಯ ಮೇಲೆ ಮಾತ್ರ ಎಂದೂ ಬಾರದ ಸಾಲು ಬಂದಿತ್ತು: ಡಿಸ್ಕ್ ಸಿಗಲಿಲ್ಲ.

"ತಿರುಗೋ ಸದ್ದು ಬೀದಿಗೆ ಕೇಳ್ತಿದೆ, ಇದಕ್ಕೆ ಮಾತ್ರ ಸಿಗಲಿಲ್ವಂತೆ," ಎಂದರು ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಹೆಂಡತಿ. "ಥೇಟ್ ನಿಮ್ಮ ಹಾಗೇ ರೀ. ಕನ್ನಡಕ ತಲೆ ಮೇಲಿರುತ್ತೆ, ಮನೆಯೆಲ್ಲ ಹುಡುಕ್ತೀರಿ."

ಮೇಸ್ತ್ರಿ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಅದೇ ಸಾಲು.

ಎರಡು ಪಾದ ಒಂದೇ ಸಮ ಇಲ್ಲದವರಿಗೆ ಬೂಟು ಮಾಡುವುದು ಅವರ ಕಸುಬು. ಅಂಥ ಬೂಟಿಗೆ ಮೊದಲು ಆ ಪಾದದ್ದೇ ಮರದ ಅಚ್ಚು ಬೇಕು. ಹಿಂದೆ ಅವರು ಅಚ್ಚುಗಳನ್ನು ಉಳಿಯಲ್ಲಿ ಕೆತ್ತುತ್ತಿದ್ದರು. ಒಂದು ಕಾರ್ಖಾನೆ ಮುಚ್ಚಿದಾಗ ಅಲ್ಲಿದ್ದ, ಅಚ್ಚು ಕಡೆಯುವ ಯಂತ್ರವನ್ನೂ ಅದನ್ನು ನಡೆಸುವ ಈ ಕಂಪ್ಯೂಟರನ್ನೂ ತಂದುಕೊಂಡರು. ಆಮೇಲೆ ಕಾಯಿಲೆ ಬಿದ್ದು ಎದ್ದಾಗ ಬಲಗೈಗೆ ನಡುಕ ಉಳಿಯಿತು. ಹೊಲಿಗೆ ಹೆಂಡತಿಯ ಪಾಲಿಗೆ ಬಂತು. ಅಳತೆ ತೆಗೆದು, ಎಡಗೈಯ ಒಂದೇ ಬೆರಳಿನಿಂದ ಕಂಪ್ಯೂಟರಿಗೆ ಹಾಕುವುದಷ್ಟೇ ಈಗ ಅವರ ಕೆಲಸ; ಕೆತ್ತುವುದು ಯಂತ್ರ. ಬಂದವರೆಲ್ಲರ ಪಾದವೂ ಆ ಡಿಸ್ಕಿನಲ್ಲಿದೆ, ಯಂತ್ರ ನಡೆಸುವ ಪ್ರೋಗ್ರಾಂ ಕೂಡ.

ಹಿಂದಿನ ದಿನ ಹೊಗೆಯಣ್ಣ ಬಂದು ಹೋಗಿದ್ದ. ಅದೇ ಬೀದಿಯಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುವವನು. ಅವನು ಬಿಚ್ಚಿದ್ದರಿಂದೆಲ್ಲ ಒಮ್ಮೆ ಹೊಗೆ ಬರುತ್ತದೆ ಎಂದು ಈ ಹೆಸರು. ಕಂಪ್ಯೂಟರಿನೊಳಗಿನ ಸಣ್ಣ ಬ್ಯಾಟರಿ ಸೋರಿ, ಹಸಿರು ಉಪ್ಪು ಪಕ್ಕದ ತಂತಿಗಳನ್ನು ತಿನ್ನತೊಡಗಿತ್ತು. ಅದನ್ನು ತೆಗೆದು ಹೊಸದು ಕೂರಿಸಿದ್ದ. ತೆಗೆಯದೆ ಬೇರೆ ದಾರಿ ಇರಲಿಲ್ಲ. ಈಗ ಕರೆದಾಗ ಓಡಿ ಬಂದು ಪರದೆ ನೋಡಿದ.

"ಈ ಕಂಪ್ಯೂಟರಜ್ಜನಿಗೆ ಅರಳುಮರಳು, ಅಕ್ಕ. ತನ್ನ ಹೊಟ್ಟೇಲಿ ಎಂಥ ಡಿಸ್ಕಿದೆ ಅಂತ ಬ್ಯಾಟರಿ ಬಲದಲ್ಲಿ ನೆನಪಿಟ್ಕೊಂಡಿತ್ತು. ಅದನ್ನ ತೆಗೆದೆ, ಮರೀತು. ಡಿಸ್ಕಿನ ಅಂಕಿಗಳನ್ನ ಮತ್ತೆ ನಾವೇ ಹಾಕ್ಬೇಕು."

"ಹಾಕು ಮತ್ತೆ. ನೋಡ್ತಾ ನಿಂತ್ರೆ?"

"ಹಾಕ್ತೀನಿ. ಡಿಸ್ಕಿನ ಬೆನ್ನ ಮೇಲೆ ಚೀಟಿ ಅಂಟಿಸಿರ್ತಾರೆ, ಅದರಲ್ಲೇ ಇರುತ್ತೆ. ಅದಕ್ಕೇ ನಿನ್ನೆ ಬರ್ಕೊಳ್ಳೋಕೆ ಹೋಗ್ಲಿಲ್ಲ."

ಡಿಸ್ಕು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ಚೀಟಿ ಇತ್ತು. ನಾಲ್ಕೂ ಅಂಚು ಗಟ್ಟಿಯಾಗಿ ಅಂಟಿಕೊಂಡಿದ್ದವು. ನಡುವೆ ಅಂಕಿಗಳಿರಬೇಕಾದ ಕಡೆ ಹೆಬ್ಬೆರಳಗಲ ಸವೆದು, ನುಣುಪಾಗಿ, ತಗಡು ಹೊಳೆಯುತ್ತಿತ್ತು. ದಿನವೂ ಸುತ್ತಿಗೆಯ ಹಿಡಿ ಬೀಳುತ್ತಿದ್ದ ಜಾಗ.

"ಇಷ್ಟಗಲದ ಡಿಸ್ಕಲ್ಲಿ ತಟ್ಟೋಕೆ ಬೇರೆ ಜಾಗ ಸಿಗ್ಲಿಲ್ವೇ, ಯಜಮಾನ್ರೇ?"

"ಬೇರೆ ಕಡೆ ತಟ್ಟಿದ್ರೆ ಏಳ್ತಿರ್ಲಿಲ್ಲ," ಎಂದರು ಮೇಸ್ತ್ರಿ. ಸುತ್ತಿಗೆ ಇನ್ನೂ ಅವರ ಕೈಯಲ್ಲೇ ಇತ್ತು. ಹೆಂಡತಿ ಎದ್ದು ಬಂದು ಅದನ್ನು ತೆಗೆದುಕೊಂಡು ಮೊಳೆಗೆ ತೂಗುಹಾಕಿದರು.

ಈಗಿನ ಕಂಪ್ಯೂಟರುಗಳು ಡಿಸ್ಕನ್ನು ತಾವೇ ಗುರುತು ಹಿಡಿಯುತ್ತವೆ. ಆದರೆ ಈ ಡಿಸ್ಕಿನ ಪಟ್ಟಿಯಂಥ ಚಪ್ಪಟೆ ತಂತಿ ಅವುಗಳಿಗೆ ಕೂರುವುದೇ ಇಲ್ಲ. ಹೊಗೆಯಣ್ಣ ಡಿಸ್ಕನ್ನು ಮತ್ತೆ ಜೋಡಿಸಿ, ಕಂಪ್ಯೂಟರಿನೊಳಗೇ ಪಟ್ಟಿಯಾಗಿ ಇದ್ದ ಹಳೆಯ ಡಿಸ್ಕುಗಳ ಅಂಕಿಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದ. ಪ್ರತಿ ಸಲವೂ ಕಂಪ್ಯೂಟರಿನಿಂದ ಬೀಪ್ ಎಂಬ ಉದ್ದನೆಯ ಕೂಗು, ಅದೇ ಸಾಲು. ಊಟದ ಹೊತ್ತು ಮೀರಿದ ಮೇಲೆ ಒಮ್ಮೆ ಕೂಗು ಬರಲಿಲ್ಲ. ಡಿಸ್ಕಿನ ಕೆಂಪು ದೀಪ ಮಿಣುಕಿತು.

"ಬಂತು ರೀ!" ಎಂದು ಹೆಂಡತಿ ಎದ್ದೇಬಿಟ್ಟರು.

ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಸುರಿದವು. ಹೊಗೆಯಣ್ಣ ಹಾರಿ ಸ್ವಿಚ್ ಆರಿಸಿದ. "ಸಾಕು. ತಪ್ಪು ಅಂಕಿ ಇಟ್ಕೊಂಡು ಇದೇನಾದ್ರೂ ಬರೆಯೋಕೆ ಶುರು ಮಾಡಿದ್ರೆ ಒಳಗಿರೋದೂ ಹೋಗುತ್ತೆ."

"ಒಳಗಿರೋದು ಅಂದ್ರೆ ಪಾದಗಳಾ?"

"ಎಲ್ಲಾರದೂ, ಅಕ್ಕ."

ಮೇಸ್ತ್ರಿ ಅಟ್ಟದಿಂದ ಒಂದು ಮರದ ತುಂಡು ತೆಗೆದು, ಹಲಗೆಯ ಕೆಳಗಿದ್ದ ಉಳಿಯನ್ನು ಹುಡುಕಿದರು. ಹಿಮ್ಮಡಿ ಬರುವಲ್ಲಿಗೆ ಮೊದಲ ಏಟು ಸರಿಯಾಗಿ ಬಿತ್ತು. ಎರಡನೆಯದು ಜಾರಿ ಅಡ್ಡಕ್ಕೆ ಸೀಳಿತು. ಎಡಗೈಯಿಂದ ಬಲ ಮಣಿಕಟ್ಟು ಒತ್ತಿ ಹಿಡಿಯೋಣವೆಂದರೆ ಮರ ಹಿಡಿಯಲು ಕೈಯಿಲ್ಲ.

"ಬಿಡಿ ರೀ. ಬೆರಳು ಹೋದೀತು."

"ನನ್ನ ಕೈ ಅದರೊಳಗಿತ್ತು ಕಣೇ," ಎಂದು ಡಿಸ್ಕಿನ ಕಡೆ ನೋಡಿದರು.

ಹಳೆಯ ಯಂತ್ರಗಳನ್ನು ಕೂಡಿಡುವ ಒಬ್ಬರು ಬೇರೆ ಊರಿನಲ್ಲಿದ್ದಾರೆ. ಹೊಗೆಯಣ್ಣ ಫೋನ್ ಮಾಡಿದಾಗ ಅವರು, ತನ್ನಿ, ನೋಡೋಣ, ಆಗುತ್ತೆ ಅಂತ ಮಾತ್ರ ಹೇಳಲಾರೆ ಎಂದರು. ಡಿಸ್ಕು ಬುಧವಾರ ಬಸ್ಸಿನಲ್ಲಿ, ಹೊಗೆಯಣ್ಣನ ತೊಡೆಯ ಮೇಲೆ ಹೋಗಲಿದೆ. ಶನಿವಾರ ಹೊಸ ಬೂಟಿಗೆಂದು ಬರಬೇಕಾಗಿದ್ದವರು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಹೆಂಗಸು. ಅವರ ಎಡಗಾಲು ಗಿಡ್ಡ. ಹೊಸ ಅಚ್ಚು ಆಗದ್ದರಿಂದ, ಸದ್ಯಕ್ಕೆ ಅವರ ಹಳೆಯ ಜೋಡಿಗೇ ಮೇಸ್ತ್ರಿಯ ಹೆಂಡತಿ ಹೊಸ ಅಟ್ಟೆ ಹಾಕಿ ಕೊಡುತ್ತಾರೆ.