ಮಾವನ ಅಂಬಾಸಿಡರ್‌ನ ಸ್ಟಾರ್ಟರ್ ಬಿಚ್ಚಿದ್ದು

ನಮ್ಮನೆಯ ಹಳೇ ಅಂಬಾಸಿಡರ್ ಕಾರನ್ನು ಗುಜರಿಗೆ ಕೊಡುವ ಮಾತು ಬಂದಿದ್ದು ನನ್ನ ಮಾವನ ಬಲಗೈ ಮಣಿಕಟ್ಟು ಊದಿಕೊಂಡ ದಿನ. ಇಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರ್ ಕೆಟ್ಟು ತಿಂಗಳುಗಳೇ ಆಗಿದ್ದವು. ಎಷ್ಟು ಪ್ರಯತ್ನಪಟ್ಟರೂ ಬಾನೆಟ್ಟಿನೊಳಗೆ ಏನೋ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಹಾಗಾಗಿ ಮಾವ ಮುಂದುಗಡೆಯಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ, ಕೈಯಲ್ಲೇ ತಿರುಗಿಸಿ ಇಂಜಿನ್ ಎಬ್ಬಿಸುತ್ತಿದ್ದರು. ಎಪ್ಪತ್ತು ದಾಟಿದವರು. ಅವತ್ತು ಹ್ಯಾಂಡಲ್ ಹಿಂದಕ್ಕೆ ಒದೆಯಿತು.

ತುರುವೇಕೆರೆಯಲ್ಲಿ ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು. ನನ್ನ ಗಂಡ, "ಬುಡಪ್ಪ, ಬೇರೆ ಕಾರೈತಲ್ಲ, ಇವ್ಳೂ ಓಡಿಸ್ತಾಳೆ. ಇದನ್ನ ಗುಜರಿಯೋರಿಗೆ ಕೊಟ್ಬುಡಾನ" ಅಂದರು. ಮಾವ ಎಡಗೈಯಲ್ಲಿ ಬಾನೆಟ್ ಸವರುತ್ತ ನಿಂತರು. ನಮ್ಮೂರಿನ ಎಷ್ಟೋ ಬಾಣಂತಿಯರು ಆ ಕಾರಿನಲ್ಲೇ ಆಸ್ಪತ್ರೆಯಿಂದ ಮನೆಗೆ ಬಂದವರು. ನಾನೂ ಹಾಗೇ ಬಂದವಳು. ಹಿಂದಿನ ಸೀಟಲ್ಲಿ ಮಗು ಮಡಿಲಲ್ಲಿಟ್ಟುಕೊಂಡು ಕೂತಾಗ ಮಾವ ಪ್ರತಿ ಹಳ್ಳಕ್ಕೂ ಬ್ರೇಕ್ ಒತ್ತಿ, ಹಿಂದೆ ತಿರುಗಿ ನೋಡುತ್ತಿದ್ದರು.

ನಾನು ಮದುವೆಗೆ ಮುಂಚಿನಿಂದಲೂ ಹೊಲಿಗೆ ಮೆಷಿನ್ ತುಳಿಯುವವಳು. ಕೆಟ್ಟರೆ ನಾನೇ ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸಿಕೊಳ್ಳುತ್ತೇನೆ. ಕಬ್ಬಿಣದ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ. ಆದರೂ ಮಾವನ ಮುಖ ನೋಡಲಾಗಲಿಲ್ಲ.

"ಮಾವ, ಕೊಡೋದು ಇದ್ದೇ ಇದೆ. ಅದಕ್ಕೆ ಮುಂಚೆ ಆ ಸ್ಟಾರ್ಟರ್ ಒಂದ್ಸಲ ಬಿಚ್ಚಿ ನೋಡಾನ."

"ಯಾರು, ನೀನಾ?"

"ನಿಮ್ಮ ಕೈಲಂತೂ ಆಗಲ್ಲ. ನೀವು ಹೇಳಿ, ನಾನು ಮಾಡ್ತೀನಿ."

"ನಾನೂ ಯಾವತ್ತೂ ಒಳಗೆ ನೋಡಿದೋನಲ್ಲ ಕಣವ್ವ. ಹೊರಗಿನ ಬೋಲ್ಟು ಎಲ್ಲಿ ಅವೆ ಅಂತ ತೋರಿಸ್ಬೋದು, ಅಷ್ಟೇಯ."

ಮಾರನೇ ದಿನ ಬೆಳಿಗ್ಗೆ ತೆಂಗಿನಕಾಯಿ ರಾಶಿಯ ಪಕ್ಕ ನಿಂತಿದ್ದ ಕಾರಿನಡಿ ಗೋಣಿಚೀಲ ಹಾಸಿದೆ. ಮಾವ ಹೇಳಿದಂತೆ ಮೊದಲು ಬ್ಯಾಟರಿಯ ತಂತಿ ಕಳಚಿ, ಆಮೇಲೆ ಅಂಗಾತ ಮಲಗಿ ಬೋಲ್ಟುಗಳನ್ನು ಸಡಿಲಿಸಿದೆ. ಸ್ಟಾರ್ಟರ್ ಒಮ್ಮೆಲೇ ಕಳಚಿ ನನ್ನ ಎದೆ ಮೇಲೆ ಕೂತಿತು. ತೆವಳುವುದಕ್ಕೆ ಶುರುಮಾಡಿದ ಕೂಸಿನಷ್ಟು ಭಾರ. ಎರಡೂ ಕೈಯಲ್ಲಿ ಅವುಚಿಕೊಂಡೇ ಹೊರಗೆ ಬಂದೆ.

ಅಂಗಳದಲ್ಲಿ ಹಳೇ ಪಂಚೆ ಹರಡಿ ಬಿಚ್ಚತೊಡಗಿದೆ. ಕಾಡಿಗೆಯಂಥ ಕರಿ ಪುಡಿ ಸುರಿಯಿತು. ತಿರುಗುವ ಭಾಗದ ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಬಳೆ ಇತ್ತು. ಅದಕ್ಕೆ ಒತ್ತಿಕೊಂಡು ಕರೆಂಟ್ ದಾಟಿಸಬೇಕಾದ ಕಾರ್ಬನ್ ತುಂಡುಗಳು ಸವೆದು ಸವೆದು ಹುಣಿಸೆ ಬೀಜದಷ್ಟಾಗಿದ್ದವು. ತಾಮ್ರವೂ ಹಳ್ಳ ಬಿದ್ದು, ಸುಟ್ಟು ಕಪ್ಪಾಗಿತ್ತು. ತೊಂದರೆ ಎಲ್ಲಿದೆ ಅಂತ ನಮ್ಮಿಬ್ಬರಿಗೂ ಕಂಡುಹೋಯಿತು.

ಆದರೆ ನನ್ನ ಕಣ್ಣು ನೆಟ್ಟಿದ್ದು ಬೇರೆ ಕಡೆ. ಹೊರಗಿನ ಉಕ್ಕಿನ ಕೊಳವೆಯ ಒಳಗೋಡೆಗೆ ತಾಮ್ರದ ತಂತಿ ಸುತ್ತಿದ ದಪ್ಪ ಕಾಯಿಲ್‌ಗಳನ್ನು ಕೂರಿಸಿದ್ದರು. ಅವುಗಳ ಸುತ್ತ ಹತ್ತಿಯ ಪಟ್ಟಿ ಸುತ್ತಿತ್ತು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಿಕೊಂಡು ಹೋಗಿತ್ತು. ಎಲ್ಲೂ ಒಂದು ಸುಕ್ಕಿಲ್ಲ. ತುದಿಯನ್ನು ಒಳಕ್ಕೆ ಮಡಚಿ ದಾರದಿಂದ ಕಟ್ಟಿದ್ದರು. ಬಟ್ಟೆ ಮುಟ್ಟಿ ಬದುಕಿದ ನನಗೆ ಅದು ಕೈಕೆಲಸ ಅಂತ ತಕ್ಷಣ ಗೊತ್ತಾಯಿತು.

"ಮಾವ, ಇದನ್ನ ಯಾರೋ ಕೈಯಲ್ಲಿ ಸುತ್ತವ್ರೆ!"

ಮಾವ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಮೇಲೇರಿಸಿ ತುಂಬ ಹೊತ್ತು ನೋಡಿದರು. "ಇಷ್ಟು ವರ್ಷ ಇದನ್ನ ಓಡಿಸಿದ್ದೀನಿ. ಒಳಗೆ ಇಂಥದ್ದೊಂದು ಐತೆ ಅಂತ ಗೊತ್ತೇ ಇರಲಿಲ್ಲವಲ್ಲವ್ವ" ಅಂದರು. ಯಾರೂ ನೋಡದ ಕತ್ತಲಲ್ಲಿ ಕೂರುವ ಗಂಟನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ ಆ ಮನುಷ್ಯ ಯಾವ ಊರಿನವನೋ. ಈಗ ಇದ್ದಾನೋ ಇಲ್ಲವೋ. ನಾನು ಆ ಗಂಟಿನ ಮೇಲೆ ಬೆರಳಾಡಿಸಿದೆ.

ತಿರುಗುವ ಭಾಗವನ್ನು ಟವಲಿನಲ್ಲಿ ಸುತ್ತಿ, ಉಳಿದ ಭಾಗಗಳನ್ನು ಚೀಲಕ್ಕೆ ಹಾಕಿಕೊಂಡು ನಾನೂ ಮಾವನೂ ಬಸ್ಸಿನಲ್ಲಿ ತಿಪಟೂರಿಗೆ ಹೋದೆವು. ಬೋರ್‌ವೆಲ್ ಪಂಪುಗಳ ಶಾಫ್ಟ್ ಕಡೆಯುವ ಲೇತ್ ಅಂಗಡಿಯವರು ಟವಲ್ ಬಿಚ್ಚಿ, ಆ ತಿರುಗುವ ಭಾಗವನ್ನು ಕೈಯಲ್ಲಿ ತೂಗಿ ನೋಡಿ, "ಜೀವ ಐತೆ ಕಣ್ರೀ ಇದರಲ್ಲಿ. ಮೇಲುಮೇಲೆ ಚೂರು ಹೆರೆದರೆ ಸಾಕು" ಅಂದರು. ಮೆಷಿನ್ನಿಗೆ ಕೂರಿಸಿ ತಿರುಗಿಸಿದರು. ಉಳಿಯ ತುದಿ ತಾಗಿದ್ದೇ ತಡ, ಕರಿ ಸಿಪ್ಪೆ ಸುರುಳಿಯಾಗಿ ಎದ್ದು, ಅದರಡಿಯಿಂದ ತಾಮ್ರ ಕಾಣಿಸಿತು. ಆಗಷ್ಟೇ ಹುಣಿಸೆ ಹಾಕಿ ಬೆಳಗಿದ ಬಿಂದಿಗೆಯ ಕೆಂಪು! ನಾನು ಇನ್ನೂ ಹತ್ತಿರಕ್ಕೆ ಬಾಗಿ ನೋಡಿದೆ. ಮಾವ ನೆಲದಿಂದ ಒಂದು ಸುರುಳಿ ಎತ್ತಿ ಬೆಳಕಿಗೆ ಹಿಡಿದು, ಮೆತ್ತಗೆ ಜೇಬಿಗೆ ಹಾಕಿಕೊಂಡರು.

ಅದೇ ಅಂಗಡಿಯವರು ತಿರುಗುವ ಭಾಗದ ತುದಿಗಳು ಕೂರುವ ಸವೆದ ಬುಷ್‌ಗಳನ್ನೂ ಕಾರ್ಬನ್‌ಗಳನ್ನೂ ಹೊಸದು ಹಾಕಿಕೊಟ್ಟರು. ಮನೆಗೆ ಬಂದು ಉಳಿದದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದೆ. ಹತ್ತಿಪಟ್ಟಿಯನ್ನು ಮಾತ್ರ ತೊಳೆಯಲು ಮನಸ್ಸಾಗಲಿಲ್ಲ. ಒಣಬಟ್ಟೆಯಲ್ಲಿ ಒರೆಸಿ ಹಾಗೇ ಬಿಟ್ಟೆ.

ಕಾರಿಗೆ ಹಾಕುವ ಮುಂಚೆ ನೆಲದ ಮೇಲೇ ಪರೀಕ್ಷೆ ಮಾಡೋಣ ಅಂದರು ಮಾವ. ಬ್ಯಾಟರಿ ತಂದಿಟ್ಟು ಒಂದು ತಂತಿ ಕಟ್ಟಿದೆ. "ಬಿಗಿಯಾಗಿ ಹಿಡ್ಕೊ" ಅಂದರು. ಪುಟ್ಟ ಮೋಟರಿಗೆ ಬಿಗಿ ಯಾಕೆ ಅಂದುಕೊಂಡು ಎಡಗೈಯನ್ನು ಸುಮ್ಮನೆ ಮೇಲಿಟ್ಟು ಇನ್ನೊಂದು ತಂತಿ ತಾಗಿಸಿದೆ. ನೀಲಿ ಕಿಡಿ ಹಾರಿತು. ಸ್ಟಾರ್ಟರ್ ನನ್ನ ಕೈ ಕೊಡವಿ, ನೆಗೆದು, ಮಗ್ಗುಲಾಗಿ ಉರುಳಿ ಕಾಯಿ ರಾಶಿಗೆ ಹೋಗಿ ಗುದ್ದಿತು. ಬಾಗಿಲಲ್ಲಿದ್ದ ಅತ್ತೆ "ಅಯ್ಯೋ ಶಿವನೇ!" ಅಂತ ಕೂಗಿಕೊಂಡರು. ಮಾವ ನಗತೊಡಗಿದರು. ನನಗೆ ನಗು ಬರಲಿಲ್ಲ. ಅಂಗೈಯಲ್ಲಿ ಇನ್ನೂ ಅದರ ಗುದ್ದು ನಿಂತಿತ್ತು. ಇಷ್ಟು ಬಲ ಇಷ್ಟು ಸಣ್ಣ ಡಬ್ಬಿಯಲ್ಲಿ ಎಲ್ಲಿ ಅಡಗಿತ್ತು ಅಂತ ಅದನ್ನೇ ನೋಡುತ್ತ ಕೂತುಬಿಟ್ಟೆ.

ಮತ್ತೆ ಕಾರಿಗೆ ಕೂರಿಸಿದ ಮೇಲೆ ಮಾವ ಡ್ರೈವರ್ ಸೀಟಿನಲ್ಲಿ ಕೂತು ಎಡಗೈ ಚಾಚಿ ಕೀ ತಿರುಗಿಸಿದರು. ಒಂದೇ ಏಟಿಗೆ ಇಂಜಿನ್ ಎದ್ದಿತು. ತಗಡೆಲ್ಲ ನಡುಗಿ, ಹಿಂದಿನಿಂದ ಹೊಗೆ ಹೊರಟಿತು. ನಾಲ್ಕು ಜನ ಎತ್ತಲಾಗದ ಇಂಜಿನ್ನನ್ನು ನನ್ನ ಎದೆ ಮೇಲೆ ಮಲಗಿದ್ದ ಆ ಕೂಸು ಎಬ್ಬಿಸಿತ್ತು. ಮಾವ ಆಫ್ ಮಾಡಿದರು. "ಯಾಕ್ ಮಾವ?" ಅಂದೆ.

"ಇನ್ನೊಂದ್ಸಲ ಕೇಳಾನ ಇರು."

ಮತ್ತೆ ಎಬ್ಬಿಸಿದರು. ಮತ್ತೆ ಆಫ್. ಹೀಗೇ ನಡೆಯಿತು. ಅಷ್ಟರಲ್ಲಿ ಅತ್ತೆ ಸೀರೆ ಬದಲಿಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತು, "ಇಲ್ಲೇ ಗುರುಗುಟ್ಟಿಸ್ತಾ ಕುಂತಿರ್ತೀರೋ, ಹಾಲ್ಕುರಿಕೆ ಮಠಕ್ಕಾದ್ರೂ ಹೋಗಿ ಬರಾನೋ?" ಅಂದರು. ಮಾವ ಪಟ್ಟಿ ಕಟ್ಟಿದ ಕೈ ನೋಡಿಕೊಂಡು ಪಕ್ಕದ ಸೀಟಿಗೆ ಸರಿದರು. ನಾನು ಚಪ್ಪಲಿ ಬಿಟ್ಟು ಡ್ರೈವರ್ ಸೀಟಿಗೆ ಹತ್ತಿದೆ.