ಪಕ್ಕದ ಮನೆಯಾಕೆಯ ಗದ್ದ

ನಾನು ನಾರಾಯಣಪೇಟೆಯ ನೇಕಾರರ ಓಣಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಾಕೆಗೆ ಮೂವತ್ತರ ಹತ್ತಿರ. ಅವಳ ಗದ್ದದ ಮೇಲೆ ಗಂಡಸರಂತೆ ಒರಟು ಕೂದಲು ಬೆಳೆಯುತ್ತಿತ್ತು. ಯಾರಾದರೂ ದಿಟ್ಟಿಸಿದರೆ ಗದ್ದ ಸವರಿಕೊಂಡು, "ಇರ್ಲಿ ಬಿಡ್ರೀ, ಇದೂ ನಂದೇ ಐತಿ" ಅನ್ನುತ್ತಿದ್ದಳು.

ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ಅವಳ ಗಂಡ ಅವಳನ್ನು ಕಟ್ಟೆಯ ಬಿಸಿಲಿಗೆ ಕೂರಿಸಿ, ಗದ್ದ ಎತ್ತಿ ಹಿಡಿದು, ಚಿಮಟದಿಂದ ಒಂದೊಂದೇ ಕೂದಲು ಕೀಳುತ್ತಿದ್ದ. ನನ್ನ ಮುಖ ನುಣುಪಾಗಿತ್ತು. ನನ್ನ ಗಂಡ ಅದನ್ನು ಒಮ್ಮೆಯೂ ಹಾಗೆ ಹಿಡಿದು ನೋಡಿರಲಿಲ್ಲ. ಕಿಟಕಿಯಲ್ಲಿ ನಿಂತ ನನಗೆ ಹೊಟ್ಟೆ ಉರಿಯುತ್ತಿತ್ತು.

ನಿಜಾಮನ ಮೇಲಿನ ಪೊಲೀಸ್ ಆಕ್ಷನ್ ಮುಗಿದು ಬಸ್ಸುಗಳು ಮತ್ತೆ ಓಡತೊಡಗಿದಾಗ ಪಕ್ಕದ ಮನೆಯವನು ಹೆಂಡತಿಯನ್ನು ರಾಯಚೂರಿನ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದ.

"ಮೈಯಾಗಿನ ಗ್ರಂಥಿ ಏರುಪೇರು ಆಗ್ಯಾವಂತ ನೋಡವ್ವಾ. ಮುಟ್ಟು ತಪ್ಪೋದೂ ಅದಕ್ಕೇ, ಈ ಕೂದಲಾನೂ ಅದಕ್ಕೇ. ಯಾರ ಶಾಪಾನೂ ಅಲ್ಲಂತ," ಎಂದು ಪಕ್ಕದ ಮನೆಯಾಕೆ ನನಗೊಬ್ಬಳಿಗೇ ಹೇಳಿದಳು. ಅವಳ ಮುಖ ಹಗುರಾಗಿತ್ತು.

ಮರುದಿನ ಬಾವಿಕಟ್ಟೆಯಲ್ಲಿ ನಾನು ಹೆಂಗಸರ ಮುಂದೆ, "ಆಕಿ ಅರ್ಧ ಗಂಡಸಂತ, ಡಾಕ್ಟರಮ್ಮನೇ ಹೇಳ್ಯಾಳ" ಎಂದುಬಿಟ್ಟೆ. ಅವಳು ಕೊಡ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನೀರು ಸೇದದೆ ಹೊರಟುಹೋದಳು.

ಆಮೇಲೆ ಅವರು ಕಟ್ಟೆಯ ಮೇಲೆ ಕೂರಲಿಲ್ಲ. ಬೆಳಿಗ್ಗೆ ಬಾಗಿಲು ಮುಚ್ಚಿರುತ್ತಿತ್ತು. ಹಲವು ದಿನ ಒಳಗಿನಿಂದ ಸದ್ದೇ ಬರಲಿಲ್ಲ. ಒಂದು ದಿನ ಮಾತ್ರ, "ಅಲುಗಾಡಬ್ಯಾಡ, ಹುಚ್ಚಿ" ಎಂದು ಗಂಡ ಗದರಿದ್ದೂ ಅವಳು ಜೋರಾಗಿ ನಕ್ಕಿದ್ದೂ ಕೇಳಿಸಿತು. ನಾನು ಗೋಡೆಗೆ ಕಿವಿಯಿಟ್ಟು, ಆ ನಗು ನಿಲ್ಲುವವರೆಗೂ ನಿಂತೇ ಇದ್ದೆ.