ಲಕ್ಷ್ಮೀದೇವಮ್ಮನವರ ಟ್ರಾಕ್ಟರೂ ನನ್ನ ಹೊಟ್ಟೆಕಿಚ್ಚೂ

2004ರಲ್ಲಿ ನಾನು ಬನಶಂಕರಿಯಿಂದಾಚೆ ಕನಕಪುರ ರಸ್ತೆಯಲ್ಲಿದ್ದ ಟ್ರಾಕ್ಟರ್ ಡೀಲರ್‌ಶಿಪ್ಪೊಂದರಲ್ಲಿ ಸರ್ವಿಸ್ ಮ್ಯಾನೇಜರ್ ಆಗಿದ್ದೆ. ಬೆಂಗಳೂರಿನಲ್ಲಿ ಟ್ರಾಕ್ಟರ್ ಕೊಳ್ಳುವವರು ಯಾರಪ್ಪಾ ಎಂದು ಹನುಮಂತನಗರದ ನಮ್ಮ ಬೀದಿಯವರು ನಗುತ್ತಿದ್ದರು. ಕೊಳ್ಳುವವರಿದ್ದರು. ಜೆ.ಪಿ. ನಗರದ ಹೊಸ ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಅಪಾರ್ಟ್‌ಮೆಂಟಿಗೊಂದು ಹಸಿರು ಹಾಸು ಬೇಕಿತ್ತು, ಅದಕ್ಕೆ ಕೆಂಪು ಮಣ್ಣು, ಗೊಬ್ಬರ, ಗಿಡ ಒದಗಿಸುವ ನರ್ಸರಿಗಳು ಸುತ್ತಲಿನ ಹಳೇ ಹಳ್ಳಿಗಳ ಜಮೀನಿನಲ್ಲಿದ್ದವು. ಪಾತಿಗಳ ನಡುವಿನ ಕಿರಿದಾದ ದಾರಿಯಲ್ಲಿ ದೊಡ್ಡ ಟ್ರಾಕ್ಟರ್ ನುಗ್ಗುವುದಿಲ್ಲ. ಹಾಗಾಗಿ ಇಪ್ಪತ್ತು ಚಿಲ್ಲರೆ ಹಾರ್ಸ್‌ಪವರಿನ ಕಾಂಪ್ಯಾಕ್ಟ್ ಟ್ರಾಕ್ಟರುಗಳು ನಮ್ಮಲ್ಲಿ ಚೆನ್ನಾಗಿಯೇ ಹೋಗುತ್ತಿದ್ದವು.

ಮೊದಲೇ ಹೇಳಿಬಿಡುತ್ತೇನೆ, ಇದು ನಾನು ಹೊಟ್ಟೆ ಉರಿದುಕೊಂಡ ಕಥೆ. ಉರಿಸಿದವರು ಲಕ್ಷ್ಮೀದೇವಮ್ಮ ಎಂಬ ನರ್ಸರಿ ಯಜಮಾನತಿ. ವಯಸ್ಸು ನಲವತ್ತರ ಆಸುಪಾಸು, ಗಟ್ಟಿ ಗಂಟಲು, ತಾನು ಮಾಡಿದ್ದನ್ನು ನಾಲ್ಕು ಜನರಿಗೆ ಕೇಳುವಂತೆ ಹೇಳಿಕೊಳ್ಳುವ ಸ್ವಭಾವ. ಹೊಸ ಟ್ರಾಕ್ಟರಿಗೆ ನಾವು ಮಾಡಿಕೊಡುವ ಮೂರು ಫ್ರೀ ಸರ್ವಿಸಿಗೂ ಅವರು ಗಾಡಿ ಬಿಟ್ಟು ಕದಲಲಿಲ್ಲ. ಒಂದು ಬಕೆಟ್ ಬೋರಲು ಹಾಕಿಕೊಂಡು ಪಕ್ಕದಲ್ಲೇ ಕೂತು, ಇದ್ಯಾಕೆ ಬಿಚ್ಚಿದ್ರಿ, ಅದ್ಯಾಕೆ ಒರೆಸಿದ್ರಿ ಎಂದು ಕೇಳಿದರು. ನಾನೂ ಹುರುಪಿನಿಂದ ಎಲ್ಲವನ್ನೂ ಹೇಳಿಕೊಟ್ಟೆ. ಎಂಜಿನ್ ಆಯಿಲ್ ಎಷ್ಟು ಗಂಟೆ ಓಡಿದ ಮೇಲೆ ಬದಲಿಸಬೇಕು, ಏರ್ ಕ್ಲೀನರ್ ಹೇಗೆ ತೊಳೆಯಬೇಕು, ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಎಷ್ಟು ಬಗ್ಗಬೇಕು, ಎಲ್ಲವನ್ನೂ. ನಾಲ್ಕನೆಯ ಸರ್ವಿಸಿಗೆ ಅವರು ಬರಲೇ ಇಲ್ಲ. ಫೋನ್ ಮಾಡಿ ವಿಚಾರಿಸಿದೆ.

"ಆಯಿಲ್ ಇಳ್ಸಿ ಆಯಿಲ್ ಹಾಕಕ್ಕೆ ನಿಮ್ಮತ್ರ ಯಾಕ್ ಬರ್ಬೇಕು ಸಾರ್? ಮನೇಲಿ ಮುದ್ದೆ ತಿರುವಕ್ಕೆ ಬರೋರು ಓಟ್ಲುಗೆ ಹೋಗ್ತಾರಾ?" ಎಂದರು.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕೆಲವು ತಿಂಗಳಲ್ಲಿ ಅಕ್ಕಪಕ್ಕದ ನರ್ಸರಿಯವರೂ ಭಾನುವಾರ ಬೆಳಿಗ್ಗೆ ತಮ್ಮ ಟ್ರಾಕ್ಟರುಗಳನ್ನು ಅವರ ಶೆಡ್ಡಿಗೆ ಹೊಡೆದುಕೊಂಡು ಹೋಗತೊಡಗಿದರು. ಲಕ್ಷ್ಮೀದೇವಮ್ಮ ಅವರಿಗೆಲ್ಲ ಅಕ್ಕ. ಅಕ್ಕ ನಿಂತು ಹೇಳುವುದು, ಇವರು ಸ್ಪ್ಯಾನರ್ ಹಿಡಿದು ಮಾಡುವುದು. ನಮ್ಮ ವರ್ಕ್‌ಶಾಪಿನಲ್ಲಿ ಗಾಡಿ ನಿಲ್ಲಿಸಿ ಕೆಲಸ ಮಾಡುವ ಅಂಕಣಗಳು, ಅಂದರೆ ಬೇಗಳು, ಒಂದೊಂದಾಗಿ ಖಾಲಿಯಾದವು. ಡಿಪ್ಲೊಮಾ ಮುಗಿಸಿ ಇಪ್ಪತ್ತು ವರ್ಷ ಈ ಕಸುಬಿನಲ್ಲಿದ್ದವನು ನಾನು. ನನ್ನ ಮಾತು ಕೇಳಲು ಗಿರಾಕಿಗಳು ಎಂದೂ ಹಾಗೆ ಗುಂಪು ಕಟ್ಟಿರಲಿಲ್ಲ.

ನನ್ನ ಸೀನಿಯರ್ ಮೆಕ್ಯಾನಿಕ್ ಬಸವರಾಜ ಗದಗಿನ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ರೂಮಿನಲ್ಲಿದ್ದ. ಒಮ್ಮೆ ಆ ಕಡೆ ಯಾವುದೋ ಬ್ರೇಕ್‌ಡೌನಿಗೆ ಹೋದವನು ಲಕ್ಷ್ಮೀದೇವಮ್ಮನವರ ಶೆಡ್ಡನ್ನೂ ನೋಡಿ ಬಂದ.

"ಅಕ್ಕಾರು ಗಾಡಿ ಭಾಳ ಚಂದ ಇಟ್ಟಾರ್ರೀ ಸಾಹೇಬ್ರ. ಸೈಲೆನ್ಸರ್‌ನಾಗ ಹೊಗಿನೂ ಇಲ್ಲ."

"ಹೊಗೆ ಈಗ ಬರಲ್ಲ, ಆಮೇಲೆ ಬರುತ್ತೆ, ನೋಡ್ತಿರು," ಎಂದೆ. ಆ ಹೊಗೆಗಾಗಿ ನಾನು ಕಾದದ್ದು ನಿಜ. ನಮ್ಮಲ್ಲಿಗೆ ಬರುವ ಟ್ರಾಕ್ಟರುಗಳನ್ನು ನಾವು ಎರಡು ಗಂಟೆಯಲ್ಲಿ ಮುಗಿಸಿ ಆಚೆ ತಳ್ಳಬೇಕು, ಮುಂದಿನದು ಕಾಯುತ್ತಿರುತ್ತದೆ. ಆಕೆಗಿದ್ದದ್ದು ಒಂದೇ ಗಾಡಿ. ಅದರ ಸದ್ದು ಚೂರು ಬದಲಾದರೂ ಗೊತ್ತಾಗುತ್ತಿತ್ತು. ಈ ಒಂದು ಸೌಲಭ್ಯಕ್ಕಾಗಿ ನಾನು ಆಕೆಯನ್ನು ಕಂಡು ಎಷ್ಟು ಕರುಬಿದೆನೋ ಲೆಕ್ಕವಿಲ್ಲ.

ಆ ವರ್ಷ ಆಯುಧಪೂಜೆಗೆ ನಮ್ಮ ಡೀಲರ್‌ಶಿಪ್ಪಿನ ಯಜಮಾನರು ಹೊಸ ಯೋಜನೆ ಹಾಕಿದರು. ಕೈಬಿಟ್ಟುಹೋದ ಗಿರಾಕಿಗಳನ್ನೆಲ್ಲ ಕರೆದು, ಅವರ ಟ್ರಾಕ್ಟರಿಗೆ ಪುಕ್ಕಟೆ ವಾಟರ್ ವಾಶ್ ಮಾಡಿಸಿ, ಸಾಲಾಗಿ ನಿಲ್ಲಿಸಿ ಪೂಜೆ ಮಾಡಿಸುವುದು, ಬೂದುಗುಂಬಳ ಒಡೆದು ಪುರಿ, ಸ್ವೀಟ್ ಬಾಕ್ಸ್ ಕೊಡುವುದು, ಒಂದು ಫೋಟೋ ತೆಗೆಸುವುದು. ಸರ್ವಿಸಿಗೆ ಬಾರದ ಲಕ್ಷ್ಮೀದೇವಮ್ಮ ಪೂಜೆಗೆ ತಪ್ಪದೆ ಬಂದರು. ಗಾಡಿ ಒಪ್ಪಿಸಿ ಮಂಗಳಾರತಿಗೆ ಅಂತ ಮುಂದೆ ಹೋದರು. ತೊಳೆಯುವಲ್ಲಿ ನಿಂತಿದ್ದ ಯಜಮಾನರು ಅವರ ಗೇರ್ ಲಿವರ್ ನೋಡಿ ಮುಖ ಹುಳ್ಳಗೆ ಮಾಡಿದರು. ಲಿವರಿನ ಬುಡದಲ್ಲಿ, ಒಳಗೆ ನೀರು ಧೂಳು ಇಳಿಯದಂತೆ ರಬ್ಬರಿನ ಟೋಪಿಯಿರುತ್ತದೆ. ನಾವು ಬೂಟ್ ಎನ್ನುತ್ತೇವೆ. ಅದು ಸಡಿಲವಾದದ್ದಕ್ಕೆ ಲಕ್ಷ್ಮೀದೇವಮ್ಮ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದರು.

"ಏನ್ರೀ ಇದು ತೇಪೆ, ಫೋಟೋಗೆ ಅಸಹ್ಯವಾಗಿರುತ್ತೆ. ಕಿತ್ತಾಕ್ಸಿ, ಒಳಗೆಲ್ಲ ಚೆನ್ನಾಗಿ ತೊಳೀಲಿ," ಎಂದರು. ವಾಶಿಂಗಿನವನು ಪಟ್ಟಿ ಕಿತ್ತು, ಶಾಂಪೂ ನೊರೆ ಸುರಿದು, ಪ್ರೆಶರ್ ಪೈಪು ಹಿಡಿದ. ನಾನು ಆಚೆ ಕಡೆ ಗಾಡಿಗಳ ಸಾಲು ಸರಿಮಾಡಿಸುವ ಗಡಿಬಿಡಿಯಲ್ಲಿದ್ದೆ, ಮಾತು ಕಿವಿಗೆ ಬಿತ್ತು, ಮರೆತೆ. ಚೆಂಡು ಹೂವಿನ ಹಾರ ಹಾಕಿ ನಿಲ್ಲಿಸಿದ ಮೇಲೆ ಗಾಡಿ ಮದುಮಗಳ ಹಾಗೇ ಕಾಣುತ್ತಿತ್ತು.

ಒಂದು ವಾರ ಕಳೆದಿರಬಹುದು, ಲಕ್ಷ್ಮೀದೇವಮ್ಮನವರ ಟ್ರಾಕ್ಟರ್ ಇನ್ನೊಂದು ಟ್ರಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ನಮ್ಮ ಗೇಟಿನೊಳಕ್ಕೆ ಬಂತು. ಹೈಡ್ರಾಲಿಕ್ ಎತ್ತುತ್ತಿರಲಿಲ್ಲ. ಪಂಪಿನಿಂದ ಎಣ್ಣೆ ನೂಕಿ, ಹಿಂಭಾಗಕ್ಕೆ ಕಟ್ಟಿದ, ಮಣ್ಣು ಸಡಿಲಿಸುವ ರೋಟವೇಟರನ್ನೋ ಮಣ್ಣು ಮಟ್ಟ ಮಾಡುವ ಬ್ಲೇಡನ್ನೋ ಎತ್ತಿ ಇಳಿಸುವ ವ್ಯವಸ್ಥೆ ಅದು. ಅದಿಲ್ಲದೆ ಅವರ ಕೆಲಸ ನಡೆಯುವಂತಿರಲಿಲ್ಲ. ಜೆ.ಪಿ. ನಗರದ ಒಂದು ಹೊಸ ಅಪಾರ್ಟ್‌ಮೆಂಟಿನ ಇಡೀ ತೋಟವನ್ನು ದೀಪಾವಳಿಯೊಳಗೆ ಹಾಕಿಕೊಡುತ್ತೇನೆಂದು ಅವರು ಒಪ್ಪಿಕೊಂಡಿದ್ದರು. ಅಷ್ಟು ದೊಡ್ಡ ಕೆಲಸ ಅವರಿಗೆ ಸಿಕ್ಕಿದ್ದು ಅದೇ ಮೊದಲು.

"ಕೆಟ್ಟ ಪಂಪ್ ಹಾಕಿ ಮಾರಿದೀರ ಸಾರ್. ವಾರಂಟಿ ಐತೆ, ಬದಲಾಯ್ಸಿ ಕೊಡಿ," ಎಂದು ಅಂಗಳದಲ್ಲೇ ಗಂಟಲೆತ್ತಿದರು.

ವಾರಂಟಿ ಇತ್ತು. ಆದರೆ ಗಾಡಿ ಆರು ತಿಂಗಳಿಂದ ಹೊರಗೆ ಸರ್ವಿಸ್ ಆಗಿತ್ತು. ಅಂಥಲ್ಲಿ ಪಂಪು ಕೆಟ್ಟದ್ದು ಮಾಲೀಕರ ಕೈತಪ್ಪಿನಿಂದಲೋ ಅಲ್ಲವೋ ಎಂದು ತೀರ್ಮಾನಿಸಿ ಸಹಿ ಹಾಕಬೇಕಾದವನು ನಾನು. ಈ ಚಿಕ್ಕ ಟ್ರಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಡ್ರೇನ್ ಪ್ಲಗ್ ಬಿಚ್ಚಿಸಿದೆ. ಜೇನಿನ ಬಣ್ಣದ ಎಣ್ಣೆ ಬರಬೇಕಾದ ಕಡೆ ಬೆಳ್ಳಗೆ ಮಜ್ಜಿಗೆ ಸುರಿಯಿತು. ಒಳಗೆ ನೀರು ಸೇರಿದೆ ಎಂದರ್ಥ.

ಆ ಕ್ಷಣದ ನನ್ನ ಖುಷಿಯನ್ನು ಮುಚ್ಚಿಡುವುದೇಕೆ? ಸಿಕ್ಕಿಹಾಕಿಕೊಂಡರು ಎಂದುಕೊಂಡೆ. ಎಣ್ಣೆ ಡಬ್ಬದ ಮುಚ್ಚಳ ತೆರೆದಿಟ್ಟಿರುತ್ತಾರೆ, ಮಳೆನೀರು ಬಿದ್ದಿರುತ್ತದೆ, ನೋಡದೆ ಸುರಿದಿರುತ್ತಾರೆ. ವರ್ಕ್‌ಶಾಪಿಗೆ ಬಾರದವರಿಗೆ ಆಗುವುದೇ ಇದು ಎಂದು ಕನಕಪುರ ರಸ್ತೆಯ ಉದ್ದಕ್ಕೂ ಹೇಳಬಹುದಿತ್ತು. ಭಾನುವಾರದ ಗುಂಪು ಆ ವಾರವೇ ಚದುರುತ್ತಿತ್ತು. ಬೇರೆ ಯಾರ ಗಾಡಿಯಾಗಿದ್ದರೂ ಅಲ್ಲೇ "ಓನರ್ ನೆಗ್ಲಿಜೆನ್ಸ್" ಎಂದು ಬರೆದು ಊಟಕ್ಕೆ ಹೋಗುತ್ತಿದ್ದೆ. ಇವರ ವಿಷಯದಲ್ಲಿ ನನಗೆ ಅಷ್ಟು ಸಾಲದು. ಆಕೆ ಬಾಯಿ ತೆರೆಯದಂತೆ ಸಾಕ್ಷಿ ಹಿಡಿಯಬೇಕೆಂದು ಸ್ಕೂಟರ್ ಹತ್ತಿ ಅವರ ಶೆಡ್ಡಿಗೇ ಹೋದೆ.

ಅಲ್ಲಿ ನನಗೆ ಆದದ್ದು ನಿರಾಸೆಯೇ. ಎಣ್ಣೆ ಡಬ್ಬಗಳು ಹಲಗೆಯ ಮೇಲೆ, ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದವು. ಲಾಳಿಕೆಗೆ ಪ್ಲಾಸ್ಟಿಕ್ ಕವರ್ ಸುತ್ತಿತ್ತು. ಗಾಡಿ ನಿಲ್ಲುವ ಜಾಗದ ಮೇಲಿನ ಶೀಟಿನಲ್ಲಿ ಒಂದು ತೂತೂ ಇರಲಿಲ್ಲ. ಉಳಿದಿದ್ದ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದೆ. ಒಂದು ಹನಿ ನೀರಿಲ್ಲ. ನನ್ನ ವರ್ಕ್‌ಶಾಪಿನ ಸ್ಟೋರ್ ಅಷ್ಟು ಶುಚಿಯಾಗಿರಲಿಲ್ಲ. ತಪ್ಪೇ ಇರಲಿಲ್ಲವೆಂದಲ್ಲ, ಗ್ರೀಸನ್ನು ಹೊರಗೆಲ್ಲ ಸೋರುವಷ್ಟು ಹೊಡೆದಿದ್ದರು, ಆದರೆ ಅದರಿಂದ ಪಂಪು ಕೆಡುವುದಿಲ್ಲ.

"ಏನ್ ಸಾರ್, ಕಳ್ಳನ ಮನೆ ಹುಡುಕ್ದಂಗೆ ಹುಡುಕ್ತಿದೀರ?" ಎಂದರು ಲಕ್ಷ್ಮೀದೇವಮ್ಮ.

"ನೀರು ಎಲ್ಲಿಂದ ಹೋಯ್ತು ಅಂತ ನೋಡ್ಬೇಕಲ್ಲಮ್ಮ. ಗೇರ್ ಲಿವರ್ ಹತ್ರ ಕಟ್ಟಿರೋದು ಯಾವಾಗ್ಲೂ ಕಟ್ಟೇ ಇರುತ್ತಾ?"

"ಯಾವಾಗ್ಲೂ ಕಟ್ಟಿರ್ತೀನಿ. ಪೂಜೆ ದಿನ ನಿಮ್ಮೋರು ಅದನ್ನ ಕಿತ್ತಾಕಿದ್ರು. ಮನೆಗೆ ಬಂದ್ಮೇಲೆ ನಾನೇ ಹೊಸದು ಕಟ್ದೆ. ಅದಕ್ಕೂ ಈಗ ನನ್ನನ್ನೇ ಬೈತೀರಾ?"

ಅವರಿಗೆ ಅದು ಬರೀ ಒಂದು ದೂರು. ಪಂಪೇ ಸರಿಯಿಲ್ಲ ಎಂಬುದರಲ್ಲೇ ಅವರ ತಲೆ ಇತ್ತು. ನನಗೆ ಮಾತ್ರ ವಾಪಸು ಬರುತ್ತಾ ಸಾರಕ್ಕಿ ಸಿಗ್ನಲ್ ದಾಟುವಷ್ಟರಲ್ಲಿ ಯಜಮಾನರ ಮಾತೂ ಶಾಂಪೂ ನೊರೆಯೂ ನೆನಪಾದವು. ವರ್ಕ್‌ಶಾಪಿಗೆ ಬಂದವನೇ ಇಳಿಸಿಟ್ಟ ಎಣ್ಣೆಯನ್ನು ಒಂದು ಬಾಟಲಿಗೆ ಹಾಕಿ ಕುಲುಕಲು ಬಸವರಾಜನಿಗೆ ಹೇಳಿದೆ. ಬರೀ ಮಳೆನೀರಾದರೆ ಅಷ್ಟೊಂದು ನೊರೆ ನಿಲ್ಲುವುದಿಲ್ಲ. ಇದರಲ್ಲಿ ನೊರೆ ಬಾಟಲಿಯ ಕತ್ತಿನವರೆಗೆ ಬಂದು ಅಲ್ಲೇ ನಿಂತಿತು. ಬಸವರಾಜ ಮೂಗಿನ ಹತ್ತಿರ ಹಿಡಿದ.

"ಸಾಹೇಬ್ರ, ಇದು ನಮ್ಮ ಶಾಂಪೂನ ವಾಸನಿರೀ. ಅದೇ ನಿಂಬಿಹಣ್ಣಿನ್ದು."

ನಾನೂ ಮೂಸಿದೆ. ಅನುಮಾನವೇ ಇರಲಿಲ್ಲ. ಅವರ ಗಾಡಿ ಆರು ತಿಂಗಳಲ್ಲಿ ಒಂದೇ ಒಂದು ದಿನ ನಮ್ಮ ಕೈಗೆ ಬಂದಿತ್ತು, ಅದೂ ಪೂಜೆಗೆ. ಅವತ್ತೇ ನಾವು ಅದನ್ನು ಕೆಡಿಸಿ ಹಾರ ಹಾಕಿ ಕಳಿಸಿದ್ದೆವು.

ಯಜಮಾನರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ವಾರಂಟಿ ಫಾರಮ್ಮನ್ನು ನನ್ನ ಕಡೆ ಸರಿಸಿದರು.

"ಓನರ್ ನೆಗ್ಲಿಜೆನ್ಸ್ ಅಂತ ಬರೀರಿ. ಆ ಭಾನುವಾರದ ಗುಂಪೆಲ್ಲ ಸೋಮವಾರ ನಮ್ಮ ಗೇಟಲ್ಲಿರುತ್ತೆ. ನಿಮಗೂ ಅದೇ ತಾನೇ ಬೇಕಿದ್ದಿದ್ದು?"

"ಬೇಕಿತ್ತು ಸಾರ್. ಆದ್ರೆ ನೀರು ಹೋಗಿರೋದು ನಮ್ಮ ಪೈಪಿಂದ."

"ಯಾರಿಗ್ರೀ ಗೊತ್ತಾಗುತ್ತೆ?"

"ನಂಗೆ ಗೊತ್ತಾಗ್ಬಿಟ್ಟಿದೆಯಲ್ಲ ಸಾರ್."

ಇದನ್ನು ಓದಿ ನನ್ನನ್ನು ಸತ್ಯಸಂಧನೆಂದು ಯಾರೂ ಹೊಗಳಬೇಕಾಗಿಲ್ಲ. ಸುಳ್ಳು ಬರೆದರೆ ಆಕೆಯ ಹೆಸರು ಕೆಡುತ್ತಿತ್ತು, ತೋಟದ ಕೆಲಸ ಕೈತಪ್ಪುತ್ತಿತ್ತು, ಗಿರಾಕಿಗಳು ನನಗೆ ಸಿಗುತ್ತಿದ್ದರು. ಆದರೆ ಆಕೆ ನಮಗಿಂತ ಚೆನ್ನಾಗಿ ಗಾಡಿ ನೋಡಿಕೊಂಡಿದ್ದರೆಂಬ ಸಂಗತಿ ನನ್ನ ಎದೆಯಲ್ಲೇ ಉಳಿದು ಬದುಕಿಡೀ ಸುಡುತ್ತಿತ್ತು. ಅದನ್ನು ಹೊತ್ತು ತಿರುಗುವ ಶಕ್ತಿ ನನಗಿರಲಿಲ್ಲ. "ಡೀಲರ್ ವಾಶಿಂಗ್ ವೇಳೆ ನೀರು ಪ್ರವೇಶ" ಎಂದು ಬರೆದು ಸಹಿ ಹಾಕಿದೆ. ಯಜಮಾನರು ಒಂದು ವಾರ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ, ಆದರೆ ಸಹಿಯನ್ನು ಹೊಡೆದುಹಾಕಲೂ ಇಲ್ಲ. ವರ್ಕ್‌ಶಾಪಿನ ಖರ್ಚಿನಲ್ಲೇ ಹೊಸ ಪಂಪು ಹಾಕಿ, ಗೇರ್‌ಬಾಕ್ಸನ್ನು ಎರಡು ಸಲ ಜಾಲಾಡಿ, ಹೊಸ ಎಣ್ಣೆ ತುಂಬಿಸಿದೆವು. ದೀಪಾವಳಿಗೆ ಇನ್ನೂ ಸಮಯವಿತ್ತು.

ಭಾನುವಾರ ಬೆಳಿಗ್ಗೆ ಟ್ರಾಕ್ಟರನ್ನು ನಾನೇ ಓಡಿಸಿಕೊಂಡು ಅವರ ಶೆಡ್ಡಿಗೆ ಹೋದೆ. ಗುಂಪು ಸೇರಿತ್ತು. ಎಲ್ಲರೆದುರೇ ಹೇಳಿದೆ: "ಪಂಪಿನ ತಪ್ಪಲ್ಲ, ಇವರ ತಪ್ಪೂ ಅಲ್ಲ. ನೀರು ಹೋಗಿದ್ದು ನಮ್ಮ ವಾಶಿಂಗಲ್ಲಿ."

ಲಕ್ಷ್ಮೀದೇವಮ್ಮ ಥ್ಯಾಂಕ್ಸ್ ಎನ್ನಲಿಲ್ಲ. ನನ್ನ ಕಣ್ಣೆದುರೇ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಗುಂಪಿನ ಕಡೆ ತಿರುಗಿದರು. "ನಾನ್ ಹೇಳ್ಲಿಲ್ವಾ, ನನ್ ಕೈಯಲ್ಲಿ ಕೆಟ್ಟಿಲ್ಲ ಅಂತ!" ಪಂಪಿನ ಮೇಲೆ ಗೂಬೆ ಕೂರಿಸಿದ್ದು ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಯಾರೋ, ಅಕ್ಕಾ, ನಮ್ಮ ಗಾಡಿ ಬಿಳಿ ಹೊಗೆ ಬಿಡ್ತಿದೆ, ಡೀಸೆಲ್ ನಾಜಲ್ ಬಿಚ್ಚೋಣ್ವಾ ಎಂದು ಕೇಳಿದರು.

"ನಾಜಲ್ಲು, ಪಂಪು, ಕ್ಲಚ್ಚು ಇವೆಲ್ಲ ಮುಟ್ಬೇಡಿ. ಆಯಿಲ್ಲು, ಫಿಲ್ಟ್ರು, ಬೆಲ್ಟು ನಾವ್ ನೋಡ್ಕೊಳಾಣ. ಮಿಕ್ಕಿದ್ದು ಈ ಸಾರ್ ಹತ್ರ ತಗೊಂಡೋಗಿ," ಎಂದರು ಲಕ್ಷ್ಮೀದೇವಮ್ಮ. "ಸಿಡುಕ್ತಾರೆ, ಆದ್ರೆ ಸುಳ್ ಹೇಳಲ್ಲ."

ನಾನು ಉಳಿದ ನೌಕರಿಯನ್ನೆಲ್ಲ ಆ ಹಂಚಿಕೆಯ ಮೇಲೆಯೇ ನಡೆಸಿದೆ. ದಿನನಿತ್ಯದ ಆರೈಕೆ ಮಾಲೀಕನದು. ಅವನಷ್ಟು ಚೆನ್ನಾಗಿ ಯಾವ ಡೀಲರೂ ಅದನ್ನು ಮಾಡಲಾರ. ಅಳತೆ, ಉಪಕರಣ ಬೇಕಾದ ಕೆಲಸ ಡೀಲರನದು. ಇದರ ಜೊತೆಗೆ ಕಸುಬು ನನಗೆ ಕಲಿಸಿದ್ದು ಇನ್ನೊಂದು. ಯಾರ ಮೇಲೆ ನಿಮಗೆ ಹೊಟ್ಟೆಕಿಚ್ಚಿದೆಯೋ ಅವರ ಗಾಡಿಯನ್ನು ನೀವು ಎಲ್ಲರ ಗಾಡಿಗಿಂತ ಸೂಕ್ಷ್ಮವಾಗಿ ಪರೀಕ್ಷಿಸುತ್ತೀರಿ. ಆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದಷ್ಟೇ ಕಷ್ಟ.

ಬೇಗಳು ಮತ್ತೆ ತುಂಬಿದವು. ಯಜಮಾನರು ನನ್ನ ಬೆನ್ನು ತಟ್ಟಿದರು. ಆದರೆ ನಾನು ರಿಟೈರ್ ಆಗುವವರೆಗೂ, ಆ ಕಡೆಯಿಂದ ಬಂದ ಒಬ್ಬೊಬ್ಬ ಗಿರಾಕಿಯೂ ಗೇಟಿನೊಳಗೆ ಕಾಲಿಟ್ಟ ಕೂಡಲೇ ಹೇಳುತ್ತಿದ್ದ ಮೊದಲ ಮಾತು ಒಂದೇ: "ಸಾರ್, ಅಕ್ಕ ಕಳಿಸಿದ್ರು."